ಪ್ರೋಷಧದ ಹದಿನಾರು ಪ್ರಹರಗಳಲ್ಲಿ ಜೀವಕೋಶಗಳ ವ್ಯವಹಾರ

ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವು ಶ್ರಾವಕರ ಶಿಕ್ಷಾವ್ರತಗಳಲ್ಲಿ ಒಂದೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ವಿಷಯ. ಉತ್ತಮ ಪ್ರೋಷಧದ ಅವಧಿ ಹದಿನಾರು ಪ್ರಹರ, ಎಂದರೆ ೪೮ ಗಂಟೆ. ಸಪ್ತಮಿಯ ಮಧ್ಯಾಹ್ನ ಏಕಭುಕ್ತವನ್ನು ಮುಗಿಸಿ ನಿಯಮ ಸ್ವೀಕರಿಸಿದವರು ಅಷ್ಟಮಿಯಂದು ಚತುರ್ವಿಧ ಆಹಾರವನ್ನು ತ್ಯಜಿಸಿ, ನವಮಿಯ ಮಧ್ಯಾಹ್ನ ಪಾರಣೆ ಮಾಡುತ್ತಾರೆ. ಈ ಕಾಲದಲ್ಲಿ ವ್ರತಿಕನು ಮಾಡಬೇಕಾದ ಸಾಮಾಯಿಕ, ಸ್ವಾಧ್ಯಾಯ, ಧ್ಯಾನಗಳನ್ನು ಶಾಸ್ತ್ರಗಳು ವಿವರಿಸಿವೆ. ಅದೇ ಕಾಲದಲ್ಲಿ ಅವನ ದೇಹದೊಳಗೆ ಏನು ನಡೆಯುತ್ತಿರುತ್ತದೆ ಎಂಬುದು ಶರೀರವಿಜ್ಞಾನದ ವಿಷಯ. ಅದನ್ನು ತಿಳಿದ ಮಾತ್ರಕ್ಕೆ ವ್ರತದ ಫಲವು ಹೆಚ್ಚುವುದಿಲ್ಲ. ಆದರೆ ಮನೆಯಲ್ಲಿ ಯಾರು ಯಾವ ಬಗೆಯ ಉಪವಾಸವನ್ನು ಮಾಡಬಲ್ಲರೆಂಬ ವಿವೇಕಕ್ಕೆ ಈ ತಿಳುವಳಿಕೆ ಅತ್ಯವಶ್ಯ. ಮುಖ್ಯವಾಗಿ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವ ಹಿರಿಯರಿರುವ ಮನೆಗಳಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಚಾರ.

ಮೊದಲಿಗೆ ಒಂದು ಸ್ಪಷ್ಟೀಕರಣ. ‘ಜೀವಕೋಶ’ ಎಂಬ ಪದದಲ್ಲಿರುವ ‘ಜೀವ’ ಶಬ್ದವು ನಮ್ಮ ಶಾಸ್ತ್ರಗಳು ಹೇಳುವ ಜೀವದ್ರವ್ಯವನ್ನು ಸೂಚಿಸುವುದಿಲ್ಲ. ಪುದ್ಗಲಮಯವಾದ ಶರೀರದ ಅತಿ ಚಿಕ್ಕ ಕಾರ್ಯಘಟಕಕ್ಕೆ ವಿಜ್ಞಾನವು ಕೊಟ್ಟ ಹೆಸರಿನ ಕನ್ನಡ ರೂಪವಷ್ಟೆ ಅದು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಕೋಶದ ರಚನೆ

ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೬೫ರಲ್ಲಿ ಬೆಂಡಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ಪುಟ್ಟ ಕೋಣೆಗಳಿಗೆ ‘ಸೆಲ್’ ಎಂದು ಹೆಸರಿಟ್ಟನು. ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಲೇ ರಚಿತವಾಗಿವೆ ಎಂಬ ಸಿದ್ಧಾಂತವನ್ನು ೧೮೩೮-೩೯ರಲ್ಲಿ ಜರ್ಮನಿಯ ಷ್ಲೈಡೆನ್ ಮತ್ತು ಷ್ವಾನ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ವಯಸ್ಕ ಮಾನವನ ದೇಹದಲ್ಲಿ ಸುಮಾರು ೩೦ ಲಕ್ಷ ಕೋಟಿ ಕೋಶಗಳಿವೆಯೆಂದು ೨೦೧೬ರ ಗಣನೆಯೊಂದು ಅಂದಾಜು ಮಾಡಿದೆ. ಅವುಗಳಲ್ಲಿ ಬಹುಪಾಲು ಕೆಂಪು ರಕ್ತಕಣಗಳೇ.

ಕೋಶಗಳ ರಚನೆಯನ್ನು ತಿಳಿಯಲು ಒಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜಠರದ ಹಿಂಬದಿಯಲ್ಲಿರುವ ಮೇದೋಜೀರಕಾಂಗದಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಚದುರಿದ ಕೋಶಗುಚ್ಛಗಳಿವೆ. ೧೮೬೯ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಇವುಗಳನ್ನು ಗುರುತಿಸಿದನು. ಇವುಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಬೀಟಾ ಕೋಶದ ಸುತ್ತ ಕೊಬ್ಬಿನ ಅಣುಗಳು ಎರಡು ಪದರಗಳಾಗಿ ಹೆಣೆದ ತೆಳು ಪೊರೆಯಿದೆ. ಒಳಗಿನ ಕೋಶಕೇಂದ್ರದಲ್ಲಿ ಇನ್ಸುಲಿನ್ನಿನ ವಿಧಾನವು ವಂಶವಾಹಿಯ ರೂಪದಲ್ಲಿ ಬರೆದಿಟ್ಟಂತಿದೆ. ಮೂಲ ಪ್ರತಿ ಅಲ್ಲಿಯೇ ಉಳಿದು, ಅದರ ನಕಲು ಮಾತ್ರ ಹೊರಬರುತ್ತದೆ. ರೈಬೋಸೋಮುಗಳೆಂಬ ಕಣಗಳು ಆ ನಕಲನ್ನು ಅನುಸರಿಸಿ ಅಮೈನೋ ಆಮ್ಲಗಳನ್ನು ಒಂದರ ಪಕ್ಕ ಒಂದರಂತೆ ಪೋಣಿಸುತ್ತವೆ. ಹೀಗೆ ಪೋಣಿಸಿದ ಸರವು ಗಾಲ್ಜಿ ಎಂಬ ಚೀಲಗಳ ಸಮೂಹವನ್ನು ಹಾದು, ಕಿರುಚೀಲಗಳಲ್ಲಿ ತುಂಬಲ್ಪಟ್ಟು, ಅಲ್ಲಿ ಕತ್ತರಿಸಲ್ಪಟ್ಟು ಸಿದ್ಧ ಇನ್ಸುಲಿನ್ ಆಗುತ್ತದೆ. ೫೧ ಅಮೈನೋ ಆಮ್ಲಗಳ ಈ ವಸ್ತುವನ್ನು ತುಂಬಿಕೊಂಡ ಸಾವಿರಾರು ಕಿರುಚೀಲಗಳು ಪೊರೆಯ ಒಳಗಡೆ ಅಪ್ಪಣೆಗಾಗಿ ಕಾದಿರುತ್ತವೆ. ಈ ಎಲ್ಲ ಕೆಲಸಕ್ಕೂ ಬೇಕಾದ ಶಕ್ತಿಯನ್ನು ಮೈಟೋಕಾಂಡ್ರಿಯಗಳೆಂಬ ಒಲೆಗಳು ಒದಗಿಸುತ್ತವೆ.

ಸಪ್ತಮಿಯ ಮಧ್ಯಾಹ್ನ

ಏಕಭುಕ್ತದ ಅನ್ನ, ಬೇಳೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದು ಬೀಟಾ ಕೋಶವನ್ನು ಪ್ರವೇಶಿಸಿ ಮೈಟೋಕಾಂಡ್ರಿಯಗಳಲ್ಲಿ ಉರಿದಾಗ ಕೋಶದ ಶಕ್ತಿಸಂಚಯವು ಹೆಚ್ಚುತ್ತದೆ. ಆಗ ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ಕ್ಯಾಲ್ಸಿಯಂ ದ್ವಾರಗಳು ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಕಾದಿದ್ದ ಕಿರುಚೀಲಗಳಿಗೆ ಅಪ್ಪಣೆಯಾಗುತ್ತದೆ. ಅವು ಪೊರೆಯೊಂದಿಗೆ ಬೆರೆತು ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತವೆ.

ಇನ್ಸುಲಿನ್ ಒಂದು ಸಂದೇಶ. ಅದನ್ನು ಓದಬಲ್ಲ ಗ್ರಾಹಕಗಳು ಯಕೃತ್ತು, ಸ್ನಾಯು, ಕೊಬ್ಬಿನ ಕೋಶಗಳ ಪೊರೆಯ ಮೇಲಿವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಇನ್ಸುಲಿನ್ ಗ್ರಾಹಕಕ್ಕೆ ಹೊಂದಿದೊಡನೆ ಸ್ನಾಯುಕೋಶವು ತನ್ನೊಳಗೆ ಅಡಗಿಸಿಟ್ಟಿದ್ದ ಗ್ಲೂಕೋಸಿನ ದ್ವಾರಗಳನ್ನು ಪೊರೆಗೆ ತಂದು ಸಕ್ಕರೆಯನ್ನು ಬರಮಾಡಿಕೊಳ್ಳುತ್ತದೆ. ಯಕೃತ್ತಿನ ಕೋಶವು ಗ್ಲೂಕೋಸನ್ನು ಪೋಣಿಸಿ ಗ್ಲೈಕೋಜನ್ ಎಂಬ ದಾಸ್ತಾನನ್ನಾಗಿ ಮಾಡಿಡುತ್ತದೆ. ಯಕೃತ್ತಿನಲ್ಲಿ ಇದರ ಪ್ರಮಾಣ ಸುಮಾರು ೧೦೦ ಗ್ರಾಂ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಒಂದಿದೆ. ರಕ್ತಕ್ಕೆ ಬಂದ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಅರ್ಧದಷ್ಟು ನಾಶವಾಗುತ್ತದೆ. ಸಂದೇಶವು ಅಲ್ಪಾಯುವಾಗಿರುವುದರಿಂದಲೇ ಬೇಡವಾದಾಗ ಅದನ್ನು ನಿಲ್ಲಿಸಲು ಸಾಧ್ಯ. ಉಪವಾಸವನ್ನು ದೇಹವು ತಾಳಿಕೊಳ್ಳುವುದು ಹೀಗೆ ಸಕಾಲದಲ್ಲಿ ನಿಲ್ಲುವ ಸಂದೇಶದ ಆಧಾರದ ಮೇಲೆಯೇ.

ರಾತ್ರಿಯಿಂದ ಅಷ್ಟಮಿಯ ಮಧ್ಯಾಹ್ನದವರೆಗೆ

ಸಂಜೆಯಾಗುತ್ತಲೇ ರಕ್ತದ ಗ್ಲೂಕೋಸ್ ತಗ್ಗತೊಡಗುತ್ತದೆ. ಬೀಟಾ ಕೋಶಗಳು ತಮ್ಮ ಸಂದೇಶವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಅವುಗಳ ನೆರೆಯ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಎರಡನೆಯ ಸಂದೇಶವನ್ನು ಕಳುಹಿಸುತ್ತವೆ. ಈ ದೂತನು ಯಕೃತ್ತಿನ ಕೋಶದ ಒಳಗೆ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಗ್ರಾಹಕವನ್ನು ತಟ್ಟಿದರೆ ಸಾಕು, ಒಳಗಡೆ ಸೈಕ್ಲಿಕ್ ಎಎಂಪಿ ಎಂಬ ಇನ್ನೊಬ್ಬ ದೂತನ ಅನೇಕ ಅಣುಗಳು ಹುಟ್ಟಿ ಸಂದೇಶವನ್ನು ಹಲವು ಮಡಿ ಮಾಡಿ ಕಿಣ್ವಗಳಿಗೆ ಮುಟ್ಟಿಸುತ್ತವೆ. ಈ ಒಳದೂತನನ್ನು ಕಂಡುಹಿಡಿದ ಅಮೆರಿಕದ ಅರ್ಲ್ ಸದರ್ಲೆಂಡ್ ಅವರಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸಂದೇಶ ಮುಟ್ಟಿದ ಕೂಡಲೇ ಗ್ಲೈಕೋಜನ್ ಒಡೆದು ಗ್ಲೂಕೋಸ್ ರಕ್ತಕ್ಕೆ ಬರುತ್ತದೆ. ಮಿದುಳೊಂದೇ ದಿನಕ್ಕೆ ಸುಮಾರು ೧೨೦ ಗ್ರಾಂ ಗ್ಲೂಕೋಸನ್ನು ಬಯಸುವುದರಿಂದ ಯಕೃತ್ತಿನ ದಾಸ್ತಾನು ಒಂದು ದಿನದಲ್ಲಿ ಬಹುತೇಕ ಬರಿದಾಗುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ದೊಡ್ಡ ದಾಸ್ತಾನಿದ್ದರೂ ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಡುವ ಕಿಣ್ವವು ಸ್ನಾಯುಕೋಶದಲ್ಲಿಲ್ಲ.

ನೀರನ್ನೂ ತ್ಯಜಿಸಿದವರಲ್ಲಿ ಮತ್ತೊಂದು ಸಂಭಾಷಣೆ ನಡೆಯುತ್ತದೆ. ರಕ್ತವು ಸಾಂದ್ರವಾಗುವುದನ್ನು ಮಿದುಳಿನ ಕೋಶಗಳು ಅರಿತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಅದನ್ನು ಪಡೆದ ಮೂತ್ರಪಿಂಡದ ಕೋಶಗಳು ತಮ್ಮ ಪೊರೆಗಳಲ್ಲಿ ನೀರಿನ ನಾಳಗಳನ್ನು ಅಳವಡಿಸಿ, ಮೂತ್ರದಲ್ಲಿ ಹೋಗಬೇಕಾದ ನೀರನ್ನು ದೇಹಕ್ಕೆ ಹಿಂದಿರುಗಿಸುತ್ತವೆ.

ಅಷ್ಟಮಿಯ ಮಧ್ಯಾಹ್ನದಿಂದ ನವಮಿಯವರೆಗೆ

ಈಗ ಯಕೃತ್ತು ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸದಾಗಿ ಗ್ಲೂಕೋಸನ್ನು ತಯಾರಿಸುತ್ತದೆ. ಮೈಟೋಕಾಂಡ್ರಿಯಗಳೇ ಇಲ್ಲದ ಕೆಂಪು ರಕ್ತಕಣಗಳಿಗೆ ಗ್ಲೂಕೋಸನ್ನು ಬಿಟ್ಟರೆ ಬೇರೆ ಆಹಾರವಿಲ್ಲ. ಇನ್ಸುಲಿನ್ ತಗ್ಗಿರುವುದನ್ನು ಕಂಡ ಕೊಬ್ಬಿನ ಕೋಶಗಳು ತಮ್ಮ ಸಂಗ್ರಹವನ್ನು ಬಿಚ್ಚುತ್ತವೆ. ಆ ಕೊಬ್ಬಿನ ಆಮ್ಲಗಳಿಂದ ಯಕೃತ್ತು ಕೀಟೋನುಗಳೆಂಬ ಇಂಧನವನ್ನು ತಯಾರಿಸಿ ಇತರ ಅಂಗಗಳಿಗೆ ಹಂಚುತ್ತದೆ. ತಾನು ತಯಾರಿಸಿದ ಈ ಇಂಧನವನ್ನು ಯಕೃತ್ತು ಮಾತ್ರ ಬಳಸಲಾರದು. ದೀರ್ಘ ಉಪವಾಸದಲ್ಲಿ ಮಿದುಳು ಕೂಡ ಮುಖ್ಯವಾಗಿ ಕೀಟೋನುಗಳಿಂದಲೇ ನಡೆಯಬಲ್ಲದೆಂಬುದನ್ನು ಅಮೆರಿಕದ ಜಾರ್ಜ್ ಕೇಹಿಲ್ ಮತ್ತು ಅವರ ಸಂಗಡಿಗರು ಐದಾರು ವಾರ ಉಪವಾಸದಲ್ಲಿದ್ದವರನ್ನು ಪರೀಕ್ಷಿಸಿ ೧೯೬೭ರಲ್ಲಿ ಪ್ರಕಟಿಸಿದರು.

ಕೋಶಗಳ ಒಳಗೂ ಮಿತವ್ಯಯ ಆರಂಭವಾಗುತ್ತದೆ. ಹಳೆಯ, ಕೆಟ್ಟುಹೋದ ಭಾಗಗಳನ್ನು ಎರಡು ಪದರದ ಪೊರೆಯೊಂದು ಸುತ್ತುವರಿದು, ಲೈಸೋಸೋಮ್ ಎಂಬ ಪಾಚಕ ಚೀಲಕ್ಕೆ ಒಯ್ಯುತ್ತದೆ. ಅಲ್ಲಿ ಅವು ಕರಗಿ ಮತ್ತೆ ಉಪಯೋಗಕ್ಕೆ ಬರುತ್ತವೆ. ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡ್ಯೂವ್ ೧೯೬೩ರಲ್ಲಿ ಇದಕ್ಕೆ ‘ಆಟೋಫೇಜಿ’, ಎಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಜಪಾನಿನ ಯೋಶಿನೋರಿ ಓಸುಮಿ ಆಹಾರವಿಲ್ಲದೆ ಇಟ್ಟ ಯೀಸ್ಟ್ ಕೋಶಗಳಲ್ಲಿ ಇದನ್ನು ಕಂಡು, ಇದಕ್ಕೆ ಕಾರಣವಾದ ವಂಶವಾಹಿಗಳನ್ನು ಗುರುತಿಸಿ ೨೦೧೬ರ ನೊಬೆಲ್ ಪಾರಿತೋಷಕವನ್ನು ಪಡೆದರು. ಆಗಿನಿಂದ ‘ಇಷ್ಟು ಗಂಟೆ ಉಪವಾಸ ಮಾಡಿದರೆ ಇಂಥ ರೋಗ ಗುಣವಾಗುತ್ತದೆ’ ಎಂದು ಹೇಳುವವರು ಹೆಚ್ಚಾಗಿದ್ದಾರೆ. ಓಸುಮಿಯವರ ಶೋಧನೆಯು ಯೀಸ್ಟ್ ಕೋಶಗಳದು, ಅದರಲ್ಲಿ ಗಂಟೆಗಳ ಇಂಥ ಲೆಕ್ಕವಿಲ್ಲ. ಕರ್ಮನಿರ್ಜರೆಗಾಗಿ ಕೈಗೊಂಡ ತಪಸ್ಸನ್ನು ಇಂತಹ ಆಶ್ವಾಸನೆಗಳಿಗೆ ಕಟ್ಟಿಹಾಕುವುದು ಧರ್ಮಕ್ಕೂ ವಿಜ್ಞಾನಕ್ಕೂ ನ್ಯಾಯವಲ್ಲ.

ನವಮಿಯ ಪಾರಣೆ

ಪಾರಣೆಯೊಡನೆ ಇನ್ಸುಲಿನ್ ಮತ್ತೆ ಏರುತ್ತದೆ ಮತ್ತು ಕೋಶಗಳು ಕೊಬ್ಬನ್ನು ಬಿಟ್ಟು ಗ್ಲೂಕೋಸಿಗೆ ಮರಳುತ್ತವೆ. ಆರೋಗ್ಯವಂತರಿಗೆ ಒಂದು ದಿನದ ಉಪವಾಸದ ನಂತರ ಇದರಿಂದ ತೊಂದರೆಯಿಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಉಪವಾಸ ಮಾಡಿದವರ ವಿಷಯ ಬೇರೆ. ಬಹು ದಿನಗಳ ನಂತರ ಒಮ್ಮೆಲೇ ಭಾರಿ ಊಟ ಮಾಡಿದರೆ, ಇನ್ಸುಲಿನ್ನಿನ ಪ್ರೇರಣೆಯಿಂದ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಕೋಶಗಳ ಒಳಗೆ ಸರಿದು ರಕ್ತದಲ್ಲಿ ಅಪಾಯಕರವಾಗಿ ಕಡಿಮೆಯಾಗುತ್ತವೆ, ಹೃದಯದ ಬಡಿತ ತಪ್ಪಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಹಸಿದ ಯುದ್ಧಕೈದಿಗಳಲ್ಲಿ ಆಹಾರ ಕೊಟ್ಟ ಮೇಲೆ ಸಾವುಗಳಾದದ್ದು ವೈದ್ಯರ ಗಮನಕ್ಕೆ ಬಂದಿತ್ತು. ದೀರ್ಘ ಉಪವಾಸದ ಪಾರಣೆಯನ್ನು ಅಲ್ಪಾಹಾರದಿಂದ ಆರಂಭಿಸಿ ಹಲವು ದಿನಗಳಲ್ಲಿ ಕ್ರಮವಾಗಿ ಹೆಚ್ಚಿಸಬೇಕು, ವೈದ್ಯರ ಕಣ್ಣಿನ ಕೆಳಗೆ ಮಾಡುವುದು ಕ್ಷೇಮ. ಬಂಧುಗಳು ಪ್ರೀತಿಯಿಂದ ಎಲೆಯ ತುಂಬ ಬಡಿಸುವ ಸಮಯ ಅದಲ್ಲ.

ನಿಲ್ಲದ ಸಂದೇಶ

ಇನ್ನು ನಮ್ಮ ಮನೆಯ ಹಿರಿಯರ ವಿಚಾರ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳು ಬೀಟಾ ಕೋಶದ ಪೊಟ್ಯಾಸಿಯಂ ದ್ವಾರಗಳನ್ನು ತಾವೇ ಮುಚ್ಚುತ್ತವೆ. ಗ್ಲೂಕೋಸ್ ಬಂದಿಲ್ಲದಿದ್ದರೂ ಕೋಶವು ಅಪ್ಪಣೆಯಾಯಿತೆಂದು ತಿಳಿದು ಇನ್ಸುಲಿನ್ ಬಿಡುತ್ತದೆ. ಚುಚ್ಚುಮದ್ದಿನ ಇನ್ಸುಲಿನ್ ಸಹ ಹಲವು ಗಂಟೆಗಳ ಕಾಲ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಆರೋಗ್ಯವಂತರಲ್ಲಿ ನಿಮಿಷಗಳಲ್ಲಿ ತಗ್ಗುವ ಸಂದೇಶವು ಇಲ್ಲಿ ನಿಲ್ಲುವುದೇ ಇಲ್ಲ. ಯಕೃತ್ತು ದಾಸ್ತಾನನ್ನು ಬಿಚ್ಚಲಾರದು, ಕೊಬ್ಬಿನ ಕೋಶ ಸಂಗ್ರಹವನ್ನು ಕೊಡಲಾರದು, ಮಿದುಳಿಗೆ ಇಂಧನವಿಲ್ಲದಂತಾಗುತ್ತದೆ. ಬೆವರು, ನಡುಕ, ಎದೆಬಡಿತ, ಮಾತಿನ ತಡವರಿಕೆ, ಮಂಕು ಇದರ ಲಕ್ಷಣಗಳು. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕೆಳಗಿಳಿದಿದ್ದರೆ ಆ ಕ್ಷಣವೇ ಸಕ್ಕರೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗೆಂದು ಉಪವಾಸದ ದಿನ ಇನ್ಸುಲಿನ್ನನ್ನು ತಾವೇ ಪೂರ್ತಿಯಾಗಿ ನಿಲ್ಲಿಸುವುದೂ ಅಪಾಯಕರ. ಬೀಟಾ ಕೋಶಗಳೇ ನಾಶವಾದವರಲ್ಲಿ, ಕೊಬ್ಬಿನ ಕೋಶಗಳನ್ನು ಹಿಡಿತದಲ್ಲಿಡುವ ಅಲ್ಪ ಸಂದೇಶವೂ ಇಲ್ಲವಾಗಿ, ಕೀಟೋನುಗಳು ಮಿತಿಮೀರಿ ರಕ್ತವು ಆಮ್ಲೀಯವಾಗುತ್ತದೆ. ಡಾಪಗ್ಲಿಫ್ಲೋಜಿನ್‌ನಂತಹ ಹೊಸ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೂ ಉಪವಾಸದಲ್ಲಿ ಈ ಭಯವಿದೆ. ಮೂತ್ರವನ್ನು ಹೆಚ್ಚಿಸುವ ಮಾತ್ರೆ ಸೇವಿಸುವವರು, ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ನೀರಿಲ್ಲದ ಉಪವಾಸಕ್ಕೆ ಮುಂದಾಗಬಾರದು. ಔಷಧದ ಪ್ರಮಾಣ ಮತ್ತು ವೇಳೆಯನ್ನು ಪರ್ವಕ್ಕೆ ಕೆಲವು ವಾರಗಳ ಮೊದಲೇ ವೈದ್ಯರೊಡನೆ ನಿಶ್ಚಯಿಸಿಕೊಳ್ಳಬೇಕು.

ಐವತ್ತು ವರ್ಷ ಅಷ್ಟಮಿಯನ್ನು ತಪ್ಪಿಸದ ಅಜ್ಜಿಗೆ ‘ಈ ಸಲ ಬೇಡ’ ಎಂದು ಹೇಳುವುದು ಮಕ್ಕಳಿಗೆ ಸುಲಭವಲ್ಲ, ಕೇಳುವುದು ಅವರಿಗೂ ಸುಲಭವಲ್ಲ. ಇಲ್ಲಿ ಶಾಸ್ತ್ರವೇ ನೆರವಿಗೆ ಬರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಒಂದು. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ಮಾಡುವ ತಪವೇ ಅದು. ಆರು ಬಾಹ್ಯ ತಪಗಳಲ್ಲಿ ಅನಶನವು ಮೊದಲನೆಯದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ಹಾಲು, ತುಪ್ಪ, ಉಪ್ಪು ಮೊದಲಾದ ರಸಗಳಲ್ಲಿ ಕೆಲವನ್ನು ಬಿಡುವ ರಸಪರಿತ್ಯಾಗ, ಇವೂ ತಪಗಳೇ. ವೈದ್ಯರು ಹೇಳಿದ ವೇಳೆಗೆ ಮಿತವಾಗಿ ಉಂಡು, ಪ್ರಿಯವಾದ ಒಂದು ರಸವನ್ನು ತ್ಯಜಿಸಿ, ಉಳಿದ ಹೊತ್ತನ್ನು ಸ್ವಾಧ್ಯಾಯದಲ್ಲಿ ಕಳೆದ ಹಿರಿಯರ ಅಷ್ಟಮಿಯು ಬರಿದಾಗಲಿಲ್ಲ. ಆ ಮಾತನ್ನು ಗೌರವದಿಂದ ಅವರಿಗೆ ತಿಳಿಸಿ, ಆ ದಿನ ಅವರ ಬಳಿಯಲ್ಲಿ ಕುಳಿತು ಗ್ರಂಥವನ್ನು ಓದಿ ಹೇಳುವುದು ಮನೆಯ ಕಿರಿಯರ ಕರ್ತವ್ಯ.

ಮನನಕ್ಕೆ ಪ್ರಶ್ನೆಗಳು

೧. ಇನ್ಸುಲಿನ್ ರಕ್ತದಲ್ಲಿ ಬೇಗನೆ ನಾಶವಾಗುವುದರಿಂದ ಉಪವಾಸಿಗೆ ಆಗುವ ಉಪಕಾರವೇನು?

೨. ಗ್ಲುಕಗಾನ್ ಕೋಶದೊಳಗೆ ಹೋಗದೆಯೇ ತನ್ನ ಸಂದೇಶವನ್ನು ಹೇಗೆ ಮುಟ್ಟಿಸುತ್ತದೆ?

೩. ಸ್ನಾಯುವಿನ ದಾಸ್ತಾನು ಮಿದುಳಿಗೆ ಗ್ಲೂಕೋಸಾಗಿ ಏಕೆ ಒದಗುವುದಿಲ್ಲ?

೪. ನಿಮ್ಮ ಮನೆಯಲ್ಲಿ ಔಷಧ ಸೇವಿಸುತ್ತ ಉಪವಾಸ ಮಾಡುವವರು ಯಾರಿದ್ದಾರೆ? ಮುಂದಿನ ಪರ್ವದ ಮೊದಲು ಅವರೊಡನೆ ವೈದ್ಯರನ್ನು ಕಾಣುವವರು ಯಾರು?