ಪಾದ್ರಿಯ ಕೊರಳಪಟ್ಟಿ: ನಮ್ಮ ದಾರಿಬದಿಯ ಬಿಳಿ ಹೂವು

ಊರಿನಿಂದ ಬಂದ ಅತಿಥಿಗಳನ್ನು ನಾರ್‌ಶೋಪಿಂಗ್‌ನಲ್ಲಿ ನಾವು ಮೊದಲು ಕರೆದೊಯ್ಯುವುದು ಕಾರ್ಲ್ ಯೊಹಾನ್ ಉದ್ಯಾನಕ್ಕೆ. 1926ರಲ್ಲಿ ಆರಂಭವಾದ ಅಲ್ಲಿನ ಕಳ್ಳಿ ಗಿಡಗಳ ಚಿತ್ತಾರ ನೋಡುವಂಥದ್ದೇ. ಆದರೆ ಜೂನ್ ತಿಂಗಳಲ್ಲಿ, ಯಾರೂ ನೆಡದೆಯೇ ದಾರಿಯ ಇಕ್ಕೆಲಗಳಲ್ಲಿ, ಹುಲ್ಲುಗಾವಲಿನಲ್ಲಿ ಅರಳುವ ಹಳದಿ ನಡುವಿನ ಬಿಳಿ ಹೂವನ್ನು ಎಷ್ಟು ಜನ ಗುರುತಿಸುತ್ತೇವೆ? ಸ್ವೀಡಿಷ್‌ನಲ್ಲಿ ಅದು ಪ್ರೆಸ್ಟ್‌ಕ್ರಾಗೆ, ಅಂದರೆ ಪಾದ್ರಿಯ ಕೊರಳಪಟ್ಟಿ. ಹಿಂದಿನ ಪಾದ್ರಿಗಳು ಧರಿಸುತ್ತಿದ್ದ ನೆರಿಗೆಯ ಬಿಳಿ ಪಟ್ಟಿಯನ್ನು ನೆನೆದರೆ ಹೆಸರಿನ ಅರ್ಥ ತಾನೇ ಹೊಳೆಯುತ್ತದೆ.

ಇದು ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಸ್ವೀಡನ್ನಿನವರೇ ಆದ ಲಿನೇಯಸ್ 1753ರಲ್ಲಿ ಇದನ್ನು ಸೇವಂತಿಗೆಯ ಜಾತಿಗೇ ಸೇರಿಸಿದ್ದರು. ಇಂದಿನ ಶಾಸ್ತ್ರೀಯ ಹೆಸರು ಲ್ಯೂಕಾಂಥೆಮಮ್ ವಲ್ಗೇರ್. ನಾವು ಒಂದು ಹೂವು ಎನ್ನುವುದು ನಿಜಕ್ಕೂ ನೂರಾರು ಹೂಗಳ ಸಂತೆ. ನಡುವಿನ ಹಳದಿ ದಿಂಬಿನಲ್ಲಿರುವ ಒಂದೊಂದು ಚುಕ್ಕೆಯೂ ಒಂದು ಪುಟ್ಟ ಹೂವು; ಸುತ್ತಲಿನ ಒಂದೊಂದು ಬಿಳಿ ‘ಎಸಳೂ’ ಬೇರೊಂದು ಹೂವು. ಪ್ರೀತಿ ಉಂಟೋ ಇಲ್ಲವೋ ಎಂದು ಎಸಳು ಕೀಳುತ್ತಾ ಎಣಿಸುವ ಇಲ್ಲಿನ ಹುಡುಗ ಹುಡುಗಿಯರು ಇಡೀ ಇಡೀ ಹೂಗಳನ್ನೇ ಕೀಳುತ್ತಿರುತ್ತಾರೆ!

ಗುರುತಿಸುವಾಗ ಹೂವಿಗಿಂತ ಎಲೆಯನ್ನು ನೋಡಿ. ಇದರ ಬುಡದ ಎಲೆ ಚಮಚದಾಕಾರ, ಅಂಚು ಹಲ್ಲುಹಲ್ಲು. ಮೇಲಿನ ಎಲೆಗಳು ಕಿರಿದಾಗಿ ಕಾಂಡವನ್ನು ತಬ್ಬಿಕೊಂಡಿರುತ್ತವೆ. ಒಂದು ದಂಟಿನ ತುದಿಗೆ ಸಾಮಾನ್ಯವಾಗಿ ಒಂದೇ ಹೂವು. ಎಲೆ ಸಬ್ಬಸಿಗೆ ಸೊಪ್ಪಿನಂತೆ ನೂಲುನೂಲಾಗಿದ್ದರೆ ಅದು ಬೇರೆ ಗಿಡ: ಬಾಲ್ಡೆರ್ಸ್‌ಬ್ರೋ ಇರಬಹುದು, ಇಲ್ಲವೇ ಚಹಾ ಮಾಡುವ ಕಮೊಮಿಲ್ ಇರಬಹುದು. ಕಮೊಮಿಲ್ ಹೂವನ್ನು ಉದ್ದಕ್ಕೆ ಸೀಳಿದರೆ ಹಳದಿ ಗುಬುಟು ಒಳಗೆ ಟೊಳ್ಳು, ಹಿಸುಕಿದರೆ ಘಮಘಮ. ಬಾಲ್ಡೆರ್ಸ್‌ಬ್ರೋದ ಗುಬುಟು ಗಟ್ಟಿ, ಪರಿಮಳವೂ ಇಲ್ಲವೆಂಬಷ್ಟು. ನರ್ಸರಿಗಳಲ್ಲಿ ಸಿಗುವ, ಅಂಗೈಯಗಲದ ಹೂವಿನ ಶಾಸ್ತಾ ಡೈಸಿ ಮಾತ್ರ ಇದರ ಸಂಬಂಧಿಯೇ. ಅಮೆರಿಕದ ಲೂಥರ್ ಬರ್ಬ್ಯಾಂಕ್ 1901ರಲ್ಲಿ ಹೊರತಂದ ಮಿಶ್ರತಳಿ.

ಬೆಳೆಸುವುದು ಸುಲಭ, ಕೈ ಬಿಗಿಹಿಡಿದರೆ! ಗೊಬ್ಬರ ಹಾಕದೆ ಗಿಡ ನೆಡುವುದು ನಮ್ಮವರಿಗೆ ಕಷ್ಟವೇ. ಆದರೆ ಮಣ್ಣು ಕೊಬ್ಬಿದರೆ ಹುಲ್ಲು ಎತ್ತರಕ್ಕೆ ಬೆಳೆದು ಇದನ್ನು ಮುಚ್ಚಿಬಿಡುತ್ತದೆ. ಬಿಸಿಲು ಬೀಳುವ, ನೀರು ನಿಲ್ಲದ ಬಡ ಮಣ್ಣು ಸಾಕು. ಮರಳು ಬೆರೆಸಿದರೂ ಸರಿ. ಬೇಸಿಗೆಯ ಕೊನೆಗೋ ವಸಂತದಲ್ಲೋ ಬೀಜವನ್ನು ಮೇಲ್ಮೈಯಲ್ಲೇ ಚೆಲ್ಲಿ, ಅಂಗೈಯಿಂದ ಒತ್ತಿ, ಹೂಳಬೇಡಿ. ಸಾಮಾನ್ಯವಾಗಿ ಮೊದಲ ವರ್ಷ ನೆಲಕ್ಕಂಟಿದ ಎಲೆಗುಚ್ಛ ಮಾತ್ರ. ಕಳೆಯೆಂದು ಕಿತ್ತೀರಿ, ಜೋಕೆ! ಹಿಮದಡಿಯಲ್ಲಿ ಚಳಿಗಾಲ ಕಳೆದು, ಮರುವರ್ಷ ಮೊಣಕಾಲೆತ್ತರಕ್ಕೆದ್ದು ಹೂ ಬಿಡುತ್ತದೆ. ಬೀಜ ಬಲಿತ ಮೇಲೆ ಕತ್ತರಿಸಿ, ಕೆಲವು ದಿನ ಅಲ್ಲೇ ಒಣಗಲು ಬಿಟ್ಟು, ಆಮೇಲೆ ಹುಲ್ಲನ್ನೆಲ್ಲ ಗುಡಿಸಿ ತೆಗೆಯಿರಿ. ಬಿದ್ದ ಹುಲ್ಲು ಕೊಳೆತರೆ ಅದೂ ಗೊಬ್ಬರವೇ. ಹಳೆಯ ಸ್ವೀಡಿಷ್ ರೈತರು ಹುಲ್ಲುಗಾವಲನ್ನು ಕಾಯ್ದದ್ದು ಹೀಗೆ. ಹಾಗೆ ಹುಲ್ಲು ಕೊಯ್ಯುವ ಪದ್ಧತಿ ನಿಂತದ್ದರಿಂದಲೇ ಆ ಗಾವಲುಗಳಲ್ಲಿ ಹೆಚ್ಚಿನವು ಕಣ್ಮರೆಯಾಗಿವೆ.

ಇಷ್ಟು ಚೆಂದದ ಹೂವಿನ ಬೀಜವನ್ನು ಕೊಡಗಿಗೋ ಚಿಕ್ಕಮಗಳೂರಿಗೋ ಒಯ್ಯುವ ಆಸೆಯಾಗುವುದು ಸಹಜ. ದಯವಿಟ್ಟು ಒಯ್ಯಬೇಡಿ. ಇದೇ ಹೂವು ಕಾಶ್ಮೀರದಲ್ಲಿ ಸ್ಥಳೀಯ ಗಿಡಗಳನ್ನು ಒತ್ತರಿಸಿ ಹಬ್ಬುತ್ತಿರುವ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ನಮ್ಮ ಹೊಲಗಳನ್ನೆಲ್ಲ ಆವರಿಸಿದ ಕಾಂಗ್ರೆಸ್ ಹುಲ್ಲೂ ಇದೇ ಕುಟುಂಬದ್ದು. 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಪರವಾನಗಿಯಿಲ್ಲದೆ ಬೀಜ ತರುವುದಕ್ಕೆ ಭಾರತದಲ್ಲಿ ಅವಕಾಶವೂ ಇಲ್ಲ. ಅಮ್ಮನಿಗೆ ತೋರಿಸಲು ಫೋಟೋ ಒಯ್ಯಿರಿ. ಬೀಜ ನಿಮ್ಮ ಬಾಲ್ಕನಿಯ ಕುಂಡದಲ್ಲೇ ಉದುರಲಿ.