ತಂತಿಯನ್ನು ಹಲಗೆಗೆ ಕೂಡಿಸುವ ಕನೆಕ್ಟರು

ಮನೆಯಲ್ಲಿ ವಿದ್ಯುನ್ಮಂಡಲಗಳನ್ನು ರಚಿಸುವ ಹುಡುಗಿಯರು ತಂತಿಯನ್ನು ಹಲಗೆಗೆ ನೇರವಾಗಿ ಬೆಸೆಯುವುದುಂಟು. ಪದೇ ಪದೇ ಬಾಗಿದ ತಂತಿಯು ಬೆಸುಗೆಯ ಅಂಚಿನಲ್ಲಿಯೇ ಮುರಿಯುವುದು. ಆದುದರಿಂದ ಬಹುಪಿನ್ನುಗಳ ಕನೆಕ್ಟರು ಲೇಸು. ಜಪಾನಿನ ಜೆ.ಎಸ್.ಟಿ. ಕಂಪೆನಿಯ ಎಕ್ಸ್‌ಎಚ್ ಜಾತಿಯಲ್ಲಿ ಪಿನ್ನುಗಳ ಅಂತರವು 2.5 ಮಿಲಿಮೀಟರು, ಸಾಮಾನ್ಯ ರಂಧ್ರಹಲಗೆಯಲ್ಲಾದರೋ 2.54. ನಾಲ್ಕು ಪಿನ್ನುಗಳಲ್ಲಿ ಈ ಭೇದವು ತೋರದು, ಹತ್ತಾದರೆ 0.36 ಮಿಲಿಮೀಟರಾಗಿ ಬೆಳೆದು ತೊಡಕಾಗುವುದು.

ತಂತಿಯ ತುದಿಗೆ ಲೋಹದ ಟರ್ಮಿನಲನ್ನು ಒತ್ತಿ ಬಿಗಿಯಬೇಕು. ಮುಂದಿನ ರೆಕ್ಕೆಗಳು ಬರಿಯ ತಂತಿಯನ್ನೂ ಹಿಂದಿನವು ಹೊದಿಕೆಯನ್ನೂ ಹಿಡಿಯಬೇಕು. ಇದಕ್ಕೆ ತಕ್ಕ ಇಕ್ಕಳವೇ ಬೇಕು. ಸಾಧಾರಣ ಇಕ್ಕಳದ ಕೆಲಸವು ನನಗೆ ಒಪ್ಪಿಗೆಯಿಲ್ಲ.

ಕನೆಕ್ಟರಿನ ಆಕಾರವು ಅದನ್ನು ತಿರುಗುಮುರುಗಾಗಿ ಸೇರಿಸಗೊಡದು, ನಿಜ. ಆದರೆ ಲಿಥಿಯಂ ಬ್ಯಾಟರಿಗಳ ಕೆಂಪು ಕಪ್ಪು ತಂತಿಗಳ ಕ್ರಮವು ಎಲ್ಲ ಮಾರಾಟಗಾರರಲ್ಲಿಯೂ ಒಂದೇ ಅಲ್ಲ. ಕ್ರಮ ತಪ್ಪಿದ ಬ್ಯಾಟರಿಯೂ ಸುಲಭವಾಗಿಯೇ ಒಳಸೇರಿ ಹಲಗೆಯನ್ನು ಕ್ಷಣದಲ್ಲಿ ಸುಡಬಹುದು. ಸೇರಿಸುವ ಮೊದಲು ಮೀಟರಿನಿಂದ ಧನ ಋಣಗಳನ್ನು ನೋಡಿ, ಹಲಗೆಯ ಗುರುತಿನೊಡನೆ ಹೋಲಿಸತಕ್ಕದ್ದು.