ಶುಗರ್ ಇದ್ದವರ ಗಾಯ ಯಾಕೆ ಬೇಗ ಮಾಯೋದಿಲ್ಲ?

"ಶುಗರ್ ಇದೆ, ಕಾಲಿಗೆ ಗಾಯ ಮಾಡ್ಕೋಬೇಡಿ" ಅನ್ನೋ ಮಾತನ್ನು ನಾವೆಲ್ಲ ಮನೆಯಲ್ಲಿ ಕೇಳಿರ್ತೀವಿ. ಯಾಕೆ ಅಂತ ಕೇಳಿದರೆ "ರೋಗನಿರೋಧಕ ಶಕ್ತಿ ಕಮ್ಮಿ ಇರುತ್ತೆ" ಎಂಬ ಉತ್ತರ ಬರುತ್ತದೆ. ಹಾಗಾದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಸಂಖ್ಯೆಯೇ ಕಡಿಮೆಯಾಗಿದೆಯೇ? ಸಾಮಾನ್ಯವಾಗಿ ಹಾಗಲ್ಲ. ಕಣಗಳು ಇರುತ್ತವೆ, ಅವು ಕೆಲಸ ಮಾಡುವ ರೀತಿ ಕೆಟ್ಟಿರುತ್ತದೆ.

ಮೊದಲು ಆರೋಗ್ಯವಂತರ ಗಾಯವನ್ನು ನೋಡೋಣ. ಚರ್ಮ ಕಿತ್ತ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಬರುತ್ತವೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಇವುಗಳದ್ದೇ ದೊಡ್ಡ ಪಾಲು. ಬ್ಯಾಕ್ಟೀರಿಯಾಗಳನ್ನು ನುಂಗಿ, ಆಮ್ಲಜನಕದಿಂದ ತಯಾರಿಸಿದ ತೀಕ್ಷ್ಣ ರಾಸಾಯನಿಕಗಳಿಂದ ಕೊಲ್ಲುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್‌ಗಳು ಹೆಚ್ಚಾಗಿ, ಸತ್ತ ಕಣಗಳನ್ನೆಲ್ಲ ಗುಡಿಸುತ್ತವೆ. ಆಮೇಲೆ ಇವು ಪಾತ್ರ ಬದಲಿಸಿ ರಿಪೇರಿ ಕೆಲಸಕ್ಕೆ ನಿಲ್ಲುತ್ತವೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ಎರಡೂ ಹಂತ ತಪ್ಪುತ್ತವೆ. ನ್ಯೂಟ್ರೋಫಿಲ್ ಆ ರಾಸಾಯನಿಕ ತಯಾರಿಸಲು ಎನ್‌ಎಡಿಪಿಎಚ್ ಎಂಬ ಅಣು ಬೇಕು. ಹೆಚ್ಚಾದ ಗ್ಲೂಕೋಸನ್ನು ಸಾರ್ಬಿಟಾಲ್ ಆಗಿ ಬದಲಿಸಲೂ ಜೀವಕೋಶಕ್ಕೆ ಅದೇ ಅಣು ಬೇಕು. ಹೀಗೆ ಒಂದೇ ದಾಸ್ತಾನಿನ ಮೇಲೆ ಎರಡು ಲೋಡ್ ಬಿದ್ದು, ಕೊಲ್ಲುವ ಶಕ್ತಿ ಕುಗ್ಗುತ್ತದೆ. ಗಾಯದ ಕಡೆಗೆ ಸಾಗುವ, ನುಂಗುವ ಸಾಮರ್ಥ್ಯವೂ ಇಳಿಯುತ್ತದೆ.

ಮ್ಯಾಕ್ರೋಫೇಜ್‌ಗಳ ತೊಂದರೆ ಇನ್ನೊಂದು ಥರ. ಅವು ಉರಿಯೂತದ ಹಂತದಲ್ಲೇ ಸಿಕ್ಕಿಕೊಳ್ಳುತ್ತವೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ: ಸಿಸ್ಟಮ್ ನಿಧಾನವಾಗಿ ಶುರುವಾಗುತ್ತದೆ, ಶುರುವಾದ ಮೇಲೆ "ಸಾಕು" ಎನ್ನುವ ಫೀಡ್‌ಬ್ಯಾಕ್ ಸರಿಯಾಗಿ ಸಿಗುವುದಿಲ್ಲ. ಅಂದ್ರೆ ಇಲ್ಲಿರೋದು ಬರೀ ಶಕ್ತಿಯ ಕೊರತೆ ಅಲ್ಲ. ರೋಗಾಣು ಉಳಿಯುತ್ತದೆ, ಉರಿಯೂತವೂ ಉಳಿಯುತ್ತದೆ, ಹೊಸ ಚರ್ಮ ಮಾತ್ರ ಬೆಳೆಯುವುದಿಲ್ಲ.

ಇದಕ್ಕೆ ನರಗಳ ಹಾನಿ ಸೇರಿದರೆ ಪಾದಕ್ಕೆ ಮುಳ್ಳು ಚುಚ್ಚಿದರೂ ನೋವು ತಿಳಿಯುವುದಿಲ್ಲ. ರಕ್ತನಾಳ ಕಿರಿದಾಗಿದ್ದರೆ ಕಣಗಳೂ ಔಷಧಿಯೂ ಗಾಯಕ್ಕೆ ಸರಿಯಾಗಿ ತಲುಪುವುದಿಲ್ಲ. ಸಣ್ಣ ಗುಳ್ಳೆಯೊಂದು ಬೆರಳನ್ನೇ ತೆಗೆಯುವ ಸ್ಥಿತಿಗೆ ಹೋಗುವುದು ಹೀಗೆ. ಕ್ಷಯರೋಗದ ಅಪಾಯವೂ ಶುಗರ್ ಇದ್ದವರಿಗೆ ಸುಮಾರು 2ರಿಂದ 3 ಪಟ್ಟು ಹೆಚ್ಚು. ಅದಕ್ಕೇ ನಮ್ಮ ದೇಶದಲ್ಲಿ ಕ್ಷಯರೋಗಿಗಳಿಗೆ ಸಕ್ಕರೆ ಪರೀಕ್ಷೆಯನ್ನೂ ಮಾಡುತ್ತಾರೆ.

"ಇಮ್ಯೂನಿಟಿ ಹೆಚ್ಚಿಸುವ" ಪುಡಿ ಕೊಂಡರೆ ಈ ಸಮಸ್ಯೆ ಬಗೆಹರಿಯೋದಿಲ್ಲ. ಮುಖ್ಯವಾಗಿ ಬೇಕಾದದ್ದು ಸಕ್ಕರೆಯ ಹತೋಟಿ. ಕಳೆದ 2-3 ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಹೇಳಿದಾಗ ತಪ್ಪದೆ ಮಾಡಿಸಬೇಕು.

ಹಾಸ್ಟೆಲ್‌ನಿಂದ ಊರಿಗೆ ಹೋದಾಗ ನಾವು ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ಶುಗರ್ ಇರುವವರ ಅಂಗಾಲು, ಬೆರಳಸಂದಿಗಳನ್ನು ಬೆಳಕಿನಲ್ಲಿ ನೋಡೋಣ. ಗುಳ್ಳೆ, ಬಿರುಕು, ಬಣ್ಣ ಬದಲಾದ ಜಾಗ ಕಂಡರೆ "ನೋವಿಲ್ಲ, ಬಿಡು" ಅಂದರೂ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ.